ಪೇಯಿ ದೋಜ್ ಬ್ರೂಟ್ ಸಿಡರ್: ಹಂದಿ ಮಾಂಸ ಮತ್ತು ಸೇಬಿನ ಅಡುಗೆಗೆ ಈ ಬಾಟಲಿ ಎಷ್ಟು ಒಗ್ಗುತ್ತದೆ?

ಫ್ರಾನ್ಸಿನ ನಾರ್ಮಂಡಿ ಸೀಮೆಯ ಹಂದಿ ಮಾಂಸದ ಅಡುಗೆ ಕೆಟ್ಟರೆ ಎಲ್ಲರೂ ಮೊದಲು ದೂರುವುದು ಮಾಂಸವನ್ನು. ಆಮೇಲೆ ಕೆನೆಯನ್ನು. ಬಹಳ ಸಲ ತಪ್ಪು ಇರುವುದು ಸಿಡರ್, ಅಂದರೆ ಸೇಬಿನ ರಸ ಹುಳಿಸಿ ಮಾಡಿದ ಮದ್ಯದ ಬಾಟಲಿಯ ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಬರೆದ ಒಂದೇ ಒಂದು ಪದದಲ್ಲಿ: ಬ್ರೂಟ್ (ಸಿಹಿ ಕಡಿಮೆ), ದ್ಮಿ-ಸೆಕ್ (ನಡುಮಟ್ಟ) ಅಥವಾ ದೂ (ಸಿಹಿ). ಕುಡಿಯುವಾಗ ಇವುಗಳ ವ್ಯತ್ಯಾಸ ರುಚಿಗೆ ಬಿಟ್ಟದ್ದು. ಆದರೆ ಒಲೆಯ ಮೇಲೆ ಬತ್ತಿಸುವಾಗ ಅದೇ ವ್ಯತ್ಯಾಸ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಈ ವಿಮರ್ಶೆ ಪೇಯಿ ದೋಜ್ ಹೆಸರಿನ ಬ್ರೂಟ್ ಸಿಡರನ್ನು ಲೋಟದಲ್ಲಿಟ್ಟು ನೋಡುವುದಿಲ್ಲ, ಪಾತ್ರೆಯಲ್ಲಿಟ್ಟು ನೋಡುತ್ತದೆ.

ಪೇಯಿ ದೋಜ್ ಅಂದರೆ ನಾರ್ಮಂಡಿಯಲ್ಲಿ ಲಿಸಿಯೂ, ಕಾಂಬ್ರಮೇರ್, ಲಿವಾರೋ, ಪೋಂ-ಲೆವೆಕ್ ಊರುಗಳ ಸುತ್ತಲಿನ ಹುಲ್ಲುಗಾವಲು ಮತ್ತು ಸೇಬಿನ ತೋಟಗಳ ನಾಡು. ಇಲ್ಲಿನ ಸಿಡರ್‌ಗೆ 1996ರಲ್ಲಿ ಮೂಲಸ್ಥಾನದ ಮಾನ್ಯತೆ ಸಿಕ್ಕಿತು. ಈಗ ಬಾಟಲಿಯ ಮೇಲೆ ಎಒಪಿ ಎಂಬ ಕೆಂಪು ಹಳದಿ ಮುದ್ರೆ ಇರುತ್ತದೆ. ಈ ಮುದ್ರೆ ಅಡುಗೆಯವರಿಗೆ ಎರಡು ಭರವಸೆ ಕೊಡುತ್ತದೆ. ರಸ ಅದೇ ಸೀಮೆಯ ಸಿಡರ್ ಸೇಬಿನದು. ಗುಳ್ಳೆ ಬಾಟಲಿಯೊಳಗೇ ಹುಳಿತು ಹುಟ್ಟಿದ್ದು, ಹೊರಗಿನಿಂದ ಅನಿಲ ತುಂಬಿದ್ದಲ್ಲ.

ಸಿಡರ್ ಸೇಬು ತಿನ್ನುವ ಸೇಬಲ್ಲ. ಬಿಸ್ಕೆ, ಬೆದಾಂ, ಫ್ರೆಕ್ಯಾಂ ರೂಜ್‌ನಂಥ ತಳಿಗಳನ್ನು ಹಸಿಯಾಗಿ ಕಚ್ಚಿದರೆ ನಾಲಿಗೆ ಒಣಗಿ ಅಂಟುವಷ್ಟು ಒಗರು. ಆ ಒಗರೇ ಒಳ್ಳೆಯ ಸಿಡರ್‌ನ ಬೆನ್ನೆಲುಬು. ಕೊಬ್ಬಿನ ಮಾಂಸಕ್ಕೆ ಈ ಸಿಡರ್ ಇಷ್ಟು ಹೊಂದುವುದೂ ಅದರಿಂದಲೇ. ಬರೀ ಸಿಹಿ ಹುಳಿ ಇರುವ ಸೇಬಿನ ರಸ ಹಾಕಿ ಬೇಯಿಸಿದರೆ ಬಾಯಲ್ಲಿ ಜಾಮ್ ಸವರಿದ ಮಾಂಸದಂತಿರುತ್ತದೆ. ಒಗರು ಬಂದರೆ ಪ್ರತಿ ತುತ್ತಿಗೂ ನಾಲಿಗೆಯ ಮೇಲಿನ ಜಿಡ್ಡು ತೊಳೆದಂತಾಗುತ್ತದೆ.

ಈಗ ಸಕ್ಕರೆಯ ಲೆಕ್ಕ. ಫ್ರೆಂಚ್ ನಿಯಮದ ಪ್ರಕಾರ ಬ್ರೂಟ್ ಅಂದರೆ ಲೀಟರಿಗೆ 28 ಗ್ರಾಂಗಿಂತ ಕಡಿಮೆ ಸಕ್ಕರೆ. ದ್ಮಿ-ಸೆಕ್ 28ರಿಂದ 42 ಗ್ರಾಂ. ದೂ ಅಂದರೆ 35 ಗ್ರಾಂಗಿಂತ ಹೆಚ್ಚು, ಆಲ್ಕೋಹಾಲ್ ಶೇ. 3ಕ್ಕೆ ಮೀರದ್ದು. ಲೋಟದಲ್ಲಿ 28ಕ್ಕೂ 45ಕ್ಕೂ ಅಂತರ ಅಷ್ಟೇನೂ ದೊಡ್ಡದಲ್ಲ. 500 ಮಿಲಿ ಸಿಡರನ್ನು 125 ಮಿಲಿಗೆ ಬತ್ತಿಸಿ ನೋಡಿ: ಬ್ರೂಟ್ ಹೆಚ್ಚೆಂದರೆ ಲೀಟರಿಗೆ 112 ಗ್ರಾಂಗೆ ಏರುತ್ತದೆ, 45 ಗ್ರಾಂ ಇದ್ದ ದೂ 180 ಗ್ರಾಂಗೆ ಹೋಗುತ್ತದೆ. ಅದರ ಮೇಲೆ ಬೆಣ್ಣೆಯಲ್ಲಿ ಹುರಿದ ಸೇಬಿನ ಸಿಹಿ, ಈರುಳ್ಳಿಯ ಸಿಹಿ, ಕೆನೆಯ ಸಿಹಿ. ಎಷ್ಟು ಉಪ್ಪು ಸುರಿದರೂ ಆ ಸಾಸ್ ಊಟದ ಹದಕ್ಕೆ ಬರುವುದಿಲ್ಲ. ದೂ ಸಿಡರ್ ಅದ್ಭುತವಾದ ಪಾನೀಯ. ಅದರ ಜಾಗ ಊಟದ ಕೊನೆಯಲ್ಲಿ, ಕ್ರೇಪ್ ಎಂಬ ತೆಳು ದೋಸೆಯ ಜೊತೆ. ಈ ಪಾತ್ರೆಗೆ ಬೇಡ.

ಈ ಸಕ್ಕರೆ ಮೇಲಿನಿಂದ ಸುರಿದದ್ದಲ್ಲ ಎಂಬುದನ್ನು ಮೆಚ್ಚಲೇಬೇಕು. ಸೇಬಿನ ತಿರುಳನ್ನು ಕೆಲ ಹೊತ್ತು ಹಾಗೇ ಬಿಟ್ಟು ಆಮೇಲೆ ಹಿಂಡುತ್ತಾರೆ. ರಸದಲ್ಲಿನ ಪೆಕ್ಟಿನ್ ಗಟ್ಟಿಯಾಗಿ ಕಂದು ಬಣ್ಣದ ಟೋಪಿಯಂತೆ ಮೇಲೆ ತೇಲುತ್ತದೆ. ಅದಕ್ಕೂ ತಳದ ಗಸಿಗೂ ನಡುವಿನ ತಿಳಿಯನ್ನು ಮಾತ್ರ ಬೇರೆ ತೊಟ್ಟಿಗೆ ಬಸಿಯುತ್ತಾರೆ. ಯೀಸ್ಟಿಗೆ ಬೇಕಾದ ಪೋಷಕಾಂಶ ಬಹುಪಾಲು ಟೋಪಿಯೊಂದಿಗೇ ಹೋಗಿರುತ್ತದೆ. ಹಾಗಾಗಿ ಹುಳಿಯುವುದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನ. ಸಕ್ಕರೆ ಪೂರ್ತಿ ಮುಗಿಯುವ ಮೊದಲೇ ಅದು ಮಂದವಾಗುತ್ತದೆ. ಸೇಬಿನ ಪರಿಮಳ ಬ್ರೂಟ್‌ನಲ್ಲೂ ಉಳಿಯುವುದು, ಬತ್ತಿಸಿದ ಮೇಲೂ ಸಾಸಿನಲ್ಲಿ ಹಣ್ಣು ಹಣ್ಣಾಗಿ ಸಿಗುವುದು ಈ ನಿಧಾನದ ಫಲ.

ಇನ್ನು ಪಾತ್ರೆಗೆ ಹಾಕಿದಾಗ ಅದು ನಡೆದುಕೊಳ್ಳುವ ರೀತಿ. ಒಂದು ನಿಧಾನದ ಅಡುಗೆ, ಒಂದು ದಿಢೀರ್ ಅಡುಗೆ. ಎರಡರಲ್ಲೂ ಇದರ ವರ್ತನೆ ಬೇರೆ ಬೇರೆ.

ನಿಧಾನದ ಅಡುಗೆಗೆ ಎಶಿನ್, ಅಂದರೆ ಹಂದಿಯ ಕತ್ತಿನ ಹಿಂಬದಿಯ ಮಾಂಸ ಸರಿಯಾದ ಆಯ್ಕೆ. ಕೊಬ್ಬು ಎಳೆ ಎಳೆಯಾಗಿ ಹರಡಿರುತ್ತದೆ, ನಾರಿನಂಥ ಪದರಗಳು ಧಾರಾಳ. ತೊಡೆಯನ್ನು ಅಡ್ಡಲಾಗಿ ಕೊಯ್ದ, ನಡುವೆ ಮೂಳೆ ಇರುವ ರೂವೆಲ್ ಕೂಡ ನಡೆಯುತ್ತದೆ, ಆದರೆ ಕೊಬ್ಬು ಕಡಿಮೆ, ಬೇಗ ಬಿರುಸಾಗುತ್ತದೆ. ನಾಲ್ಕು ಜನಕ್ಕೆ 1 ಕಿಲೋ ಎಶಿನ್, 5 ಸೆಂಟಿಮೀಟರ್ ತುಂಡುಗಳು. ಅದಕ್ಕಿಂತ ಸಣ್ಣದು ಮಾಡಿದರೆ ಬೇಯುವ ಹೊತ್ತಿಗೆ ಪುಡಿಪುಡಿ. ಹಿಂದಿನ ರಾತ್ರಿಯೇ 12 ಗ್ರಾಂ ಉಪ್ಪು ಸವರಿ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಒಣ ಮೇಲ್ಮೈ ಇಲ್ಲದೆ ಕೆಂಪು ಬಣ್ಣ ಹಿಡಿಯುವುದಿಲ್ಲ.

ಪಾತ್ರೆ ಎನಾಮಲ್ ಹಚ್ಚಿದ ಬೀಡು ಕಬ್ಬಿಣದ್ದು, 26ರಿಂದ 28 ಸೆಂಟಿಮೀಟರ್ ಅಗಲದ್ದು. ಬರಿಯ ಬೀಡಿನ ಪಾತ್ರೆ ಬೇಡವೇ ಬೇಡ: ಸಿಡರ್‌ನ ಒಗರು ಕಬ್ಬಿಣದ ಜೊತೆ ಸೇರಿ ಸಾಸ್ ಮಸಿ ಬಣ್ಣಕ್ಕೆ ತಿರುಗುತ್ತದೆ, ಬಾಯಲ್ಲಿ ಮೊಳೆ ನೆಕ್ಕಿದ ರುಚಿ. ಲೇಪನವಿಲ್ಲದ ಅಲ್ಯೂಮಿನಿಯಂ ಕೂಡ ಸಿಡರ್‌ನ ಹುಳಿಗೆ ಲೋಹದ ವಾಸನೆ ಬಿಡುತ್ತದೆ. ಸ್ಟೀಲ್ ಆಗಬಹುದು, ತಳ ದಪ್ಪ ಇರಬೇಕು ಅಷ್ಟೆ.

ಎರಡು ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಮಾಂಸವನ್ನು ಮೂರು ಸರದಿಯಲ್ಲಿ ಹುರಿಯಬೇಕು. ಒಂದೊಂದು ಸರದಿಗೆ 8ರಿಂದ 10 ನಿಮಿಷ, ತುಂಡು ತುಂಡಿನ ನಡುವೆ ಒಂದು ಬೆರಳಿನ ಜಾಗ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ಬೇಯುತ್ತದೆ. ಆಮೇಲೆ ಎಂಥ ಸಿಡರ್ ಹಾಕಿದರೂ ಸಾಸಿಗೆ ಆಳ ಬರುವುದಿಲ್ಲ. ಬೆಣ್ಣೆಯಲ್ಲೇ ಹುರಿಯಬೇಕು ಎಂಬ ಹಠ ಬೇಡ. ಬೆಣ್ಣೆಯೊಳಗಿನ ಹಾಲಿನ ಅಂಶ ಇಷ್ಟು ಕಾವಿಗೆ ಕಪ್ಪಾಗುತ್ತದೆ, ಜೊತೆಗೆ ಎಣ್ಣೆ ಬೆರೆಸಿದರೂ ಅದು ಸುಡುವುದು ತಪ್ಪುವುದಿಲ್ಲ. ಬೆಣ್ಣೆಯನ್ನು ಸೇಬಿಗೆ ಉಳಿಸಿಡಿ.

ಮಾಂಸ ತೆಗೆದಿಟ್ಟು ಅದೇ ಜಿಡ್ಡಿನಲ್ಲಿ 150 ಗ್ರಾಂ ಹೊಗೆ ಹಾಕಿದ ಹಂದಿ ಕೊಬ್ಬಿನ ಕಡ್ಡಿಗಳು, 200 ಗ್ರಾಂ ಹೆಚ್ಚಿದ ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಮಾಂಸ ಮರಳಿ ಪಾತ್ರೆಗೆ, 40 ಮಿಲಿ ಕಾಲ್ವಡೋಸ್, ಅಂದರೆ ಸಿಡರನ್ನು ಭಟ್ಟಿ ಇಳಿಸಿದ ನಾರ್ಮಂಡಿಯ ಬ್ರಾಂಡಿ. ಬೆಂಕಿ ಹಚ್ಚುವುದಾದರೆ ಕೆಲವು ಮಾತು ಕಡ್ಡಾಯ. ಒಲೆ ಆರಿಸಿ, ಮೇಲಿನ ಹೊಗೆ ಹೀರುವ ಯಂತ್ರ ನಿಲ್ಲಿಸಿ, ಬಾಟಲಿಯಿಂದ ನೇರ ಸುರಿಯದೆ ಲೋಟದಲ್ಲಿ ಅಳೆದು ಹಾಕಿ, ಉದ್ದ ಕಡ್ಡಿಯಿಂದ ಹಚ್ಚಿ, ಮುಚ್ಚಳ ಕೈಗೆಟುಕುವಂತಿರಲಿ. ತಣ್ಣನೆಯ ಕಾಲ್ವಡೋಸ್ ಹೊತ್ತಿಕೊಳ್ಳುವುದಿಲ್ಲ, ಉಗುರುಬೆಚ್ಚಗಿಂತ ತುಸು ಹೆಚ್ಚೇ ಬಿಸಿ ಇರಬೇಕು. ಬೆಂಕಿ ಬೇಡವೆಂದರೆ ಎರಡು ನಿಮಿಷ ಕುದಿಸಿದರೂ ಹಸಿ ಘಾಟು ಹೋಗುತ್ತದೆ, ರುಚಿಯಲ್ಲಿ ಅಂಥ ನಷ್ಟವಿಲ್ಲ. ಪೇಯಿ ದೋಜ್ ಕಾಲ್ವಡೋಸನ್ನು ಎರಡು ಸಲ ಭಟ್ಟಿ ಇಳಿಸಬೇಕೆಂಬ ನಿಯಮವಿದೆ, ಅದರ ಮೂಲಸ್ಥಾನದ ಮಾನ್ಯತೆ 1942ರಷ್ಟು ಹಳೆಯದು. ಹಾಗೆಂದು ಆರು ವರ್ಷ ಪೀಪಾಯಿಯಲ್ಲಿ ಮಾಗಿದ ಬಾಟಲಿಯನ್ನು ಪಾತ್ರೆಗೆ ಸುರಿಯಬೇಡಿ. ಎರಡು ಮೂರು ವರ್ಷದ್ದರಲ್ಲಿ ಹಣ್ಣಿನ ವಾಸನೆ ಇನ್ನೂ ಮುಂದಿರುತ್ತದೆ, ಅಡುಗೆಗೆ ಅದೇ ಬೇಕು.

ಆಮೇಲೆ 10 ಗ್ರಾಂ ಮೈದಾ ಉದುರಿಸಿ, ಒಂದು ನಿಮಿಷ ಕೈಯಾಡಿಸಿ, 500 ಮಿಲಿ ಬ್ರೂಟ್. ಇಲ್ಲಿ ಒಂದು ಎಚ್ಚರಿಕೆ. ಫ್ರಿಜ್‌ನಿಂದ ತೆಗೆದ ಸಿಡರನ್ನು ಕಾದ ಪಾತ್ರೆಗೆ ಒಮ್ಮೆಗೇ ಸುರಿದರೆ ನೊರೆ ಅಂಚು ದಾಟಿ ಒಲೆಗೆ ಉಕ್ಕುತ್ತದೆ. ಇಪ್ಪತ್ತು ನಿಮಿಷ ಮೊದಲೇ ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿಟ್ಟರೆ ಗುಳ್ಳೆ ಇಳಿದಿರುತ್ತದೆ. ಬಾಟಲಿಯಲ್ಲೇ ಹುಳಿತ ಸಿಡರ್ ಆದ್ದರಿಂದ ತಳದಲ್ಲಿ ಯೀಸ್ಟಿನ ಗಸಿ ನಿಂತಿರುತ್ತದೆ. ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಡಿ, ಅದು ಬತ್ತಿದರೆ ಸಣ್ಣಗೆ ಕಹಿ. ಮುಚ್ಚಳವಿಲ್ಲದೆ ಐದು ನಿಮಿಷ ಕುದಿಸಿ, ತಳದ ಕೆಂಪು ಅಂಟನ್ನೆಲ್ಲ ಮರದ ಸೌಟಿನಿಂದ ಕೆರೆದು, 200 ಮಿಲಿ ಉಪ್ಪಿಲ್ಲದ ಸಾರು, ಎರಡು ಎಸಳು ಥೈಮ್, ಒಂದು ಬೇ ಎಲೆ. ಮುಚ್ಚಿ 150 ಡಿಗ್ರಿಯ ಒವನ್‌ನಲ್ಲಿ ಒಂದೂವರೆಯಿಂದ ಒಂದೂ ಮುಕ್ಕಾಲು ಗಂಟೆ. ಸಾರಿಗೆ ಉಪ್ಪು ಬೇಡ ಎನ್ನುವುದು ಬತ್ತಿದ ಮೇಲೆ ಅದು ಎರಡು ಪಟ್ಟು ಆಗುವುದರಿಂದ. ಹೊಗೆ ಹಾಕಿದ ಕೊಬ್ಬಿನಲ್ಲೂ ಉಪ್ಪು ಇದ್ದೇ ಇದೆ.

ಒಂದೂವರೆ ಗಂಟೆಗೂ ಮಾಂಸ ರಬ್ಬರಿನಂತಿದ್ದರೆ ಹೆಚ್ಚು ಬೆಂದಿತೆಂದು ಹೆದರಿ ಇಳಿಸಬೇಡಿ. ಅದು ಕಡಿಮೆ ಬೆಂದಿದೆ. ನಾರಿನ ಪದರ ಕರಗಿ ಅಂಟಾಗಲು ಕಾವಿಗಿಂತ ಹೊತ್ತು ಮುಖ್ಯ. ಮುಳ್ಳು ಚಮಚ ಚುಚ್ಚಿ ತಿರುಗಿಸಿದರೆ ತುಂಡು ಬಿಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಹದಿನೈದು ಹದಿನೈದು ನಿಮಿಷ ಮುಂದುವರಿಸಿ. ಕೊತಕೊತ ಕುದಿಸಿದರೆ ಮಾತ್ರ ಎಳೆಗಳು ಹಿಂಡಿಕೊಂಡು ಒಣಗುತ್ತವೆ. ಸಾಸಿನ ನಡುವೆ ಒಂದೊಂದೇ ಗುಳ್ಳೆ ಏಳುತ್ತಿರಬೇಕು.

ಪೇಯಿ ದೋಜ್ ಬ್ರೂಟ್ ತನ್ನ ಬೆಲೆಗೆ ನ್ಯಾಯ ಸಲ್ಲಿಸುವುದು ಇಲ್ಲಿ. ಮಾಂಸದಿಂದ ಇಳಿದ ಅಂಟು, ಅಂದರೆ ಜೆಲಟಿನ್, ಸಿಡರ್‌ನ ಒಗರನ್ನು ಹಿಡಿದು ಮೃದು ಮಾಡುತ್ತದೆ. ಮದ್ಯವನ್ನು ತಿಳಿಯಾಗಿಸಲು ಜೆಲಟಿನ್ ಬಳಸುವುದೂ ಇದೇ ಗುಣಕ್ಕಾಗಿ. ಹಸಿಯಾಗಿ ಕುಡಿದಾಗ ತುಸು ಒರಟು ಅನ್ನಿಸುವ ತೋಟದ ಬ್ರೂಟ್ ಕೂಡ ಒಂದೂವರೆ ಗಂಟೆಯ ನಂತರ ದುಂಡಗಾಗಿ ಬರುತ್ತದೆ: ಮೊದಲು ಹಣ್ಣು, ಆಮೇಲೆ ಹುಳಿ, ಕೊನೆಗೆ ಹಿತವಾದ ಒಗರು. ಒಗರು ಕಡಿಮೆ ಇರುವ ಹಗುರ ಸಿಡರ್ ಹಾಕಿ ಇದೇ ಹೊತ್ತು ಬೇಯಿಸಿದರೆ ಉಳಿಯುವುದು ಹುಳಿ ನೀರು. ಐಜಿಪಿ ಎಂಬ ಇನ್ನೊಂದು ಮೂಲಸ್ಥಾನದ ಮುದ್ರೆಯ ನಾರ್ಮಂಡಿ ಸಿಡರ್‌ಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ, ಆದರೆ ಆ ಹೆಸರಿನ ವ್ಯಾಪ್ತಿ ದೊಡ್ಡದು, ಒಂದು ಬಾಟಲಿಯಿಂದ ಇನ್ನೊಂದಕ್ಕೆ ರುಚಿ ಬಹಳ ಬದಲಾಗುತ್ತದೆ. ಮೊದಲು ಒಂದು ಗುಟುಕು ಕುಡಿದು, ಒಸಡಿನ ಮೇಲೆ ಸ್ವಲ್ಪ ಬಿಗಿತ ಅನ್ನಿಸಿದರೆ ಮಾತ್ರ ಪಾತ್ರೆಗೆ ಹಾಕಿ. ಇಂಗ್ಲೆಂಡಿನ ಸಿಡರ್ ಕೊಳ್ಳುವವರು ಚೀಟಿಯನ್ನು ಇನ್ನೂ ಜಾಗ್ರತೆಯಿಂದ ಓದಬೇಕು: ಅಲ್ಲಿನ ನಿಯಮಕ್ಕೆ ಹಣ್ಣಿನ ರಸ ಶೇ. 35 ಇದ್ದರೂ ಸಾಕು. ಅಮೆರಿಕದಲ್ಲಿ ಬರೀ ಸಿಡರ್ ಎಂದರೆ ಹುಳಿಯದ ಸೇಬಿನ ರಸ, ಈ ಅಡುಗೆಗೆ ಅದು ಸಂಬಂಧವೇ ಇಲ್ಲದ್ದು.

ದಿಢೀರ್ ಅಡುಗೆಯಲ್ಲಿ ಮಾತ್ರ ಈ ಬಾಟಲಿಗೆ ಪೂರ್ತಿ ಅಂಕ ಕೊಡಲಾಗದು. ಫಿಲೆ ಮಿನ್ಯೋಂ ಎಂದು ಫ್ರಾನ್ಸಿನಲ್ಲಿ ಕರೆಯುವುದು ಹಂದಿಯ ಬೆನ್ನೆಲುಬಿನ ಒಳಬದಿಯ ಮೆತ್ತನೆಯ ಪಟ್ಟಿಯನ್ನು. ಒಂದು ಪಟ್ಟಿ ಸುಮಾರು 500 ಗ್ರಾಂ. 3 ಸೆಂಟಿಮೀಟರ್ ದಪ್ಪದ ಬಿಲ್ಲೆಗಳನ್ನು ಎರಡೂ ಬದಿ ಎರಡೆರಡು ಮೂರು ಮೂರು ನಿಮಿಷ ಹುರಿದು, ನಡುವಿನ ಕಾವು 60 ಡಿಗ್ರಿ ಮುಟ್ಟಿದಾಗ ಬಿಸಿ ತಟ್ಟೆಗೆ ತೆಗೆದು ಮುಚ್ಚಿಟ್ಟರೆ ಅಲ್ಲೇ 63ಕ್ಕೆ ಏರುತ್ತದೆ. 63 ತಲುಪಿ ಮೂರು ನಿಮಿಷ ಕಳೆದ ಮೇಲೆಯೇ ಬಡಿಸಿ. 70 ದಾಟಿದರೆ ಸಾಸ್ ಏನೇ ಇದ್ದರೂ ಹತ್ತಿ ಅಗಿದಂತೆ. ಇಲ್ಲಿ ಅಂಟು ಬಿಡುವ ಮಾಂಸವೂ ಇಲ್ಲ, ಹೊತ್ತೂ ಇಲ್ಲ. 250 ಮಿಲಿ ಬ್ರೂಟನ್ನು ಅದೇ ಬಾಣಲೆಯಲ್ಲಿ 60 ಮಿಲಿಗೆ ಬತ್ತಿಸಿದರೆ ಒಗರು ನಾಲ್ಕು ಪಟ್ಟು ಗಟ್ಟಿಯಾಗಿ ಗಂಟಲು ಹಿಡಿಯುತ್ತದೆ. ಮೂರನೇ ಒಂದು ಪಾಲಿಗೆ, ಅಂದರೆ 80ರಿಂದ 85 ಮಿಲಿಗೆ ನಿಲ್ಲಿಸಿ, 150 ಮಿಲಿ ಕೆನೆ ಹಾಕಿ. ಹಾಲಿನ ಪ್ರೋಟೀನು ಒಗರನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಸೇಬು ಹುಳಿಯಾಗಿದ್ದರೆ ಈ ಬಾಣಲೆಗೆ ದ್ಮಿ-ಸೆಕ್ ಉತ್ತಮ ಎಂದು ಒಪ್ಪಲೇಬೇಕು.

ಕೆನೆಯ ವಿಷಯದಲ್ಲಿ ರಾಜಿ ಇಲ್ಲ. ಸಿಡರ್ ಹುಳಿ ದ್ರವ, ಬತ್ತಿದಂತೆ ಹುಳಿ ಏರುತ್ತದೆ. ಹುಳಿ ಮತ್ತು ಕಾವು ಸೇರಿದರೆ ಹಾಲಿನ ಪ್ರೋಟೀನು ಒಡೆಯುತ್ತದೆ. ಕೊಬ್ಬು ಹೆಚ್ಚಿದ್ದಾಗ ಪ್ರೋಟೀನಿನ ಪಾಲು ಕಡಿಮೆ, ಕೊಬ್ಬು ಅದನ್ನು ಸುತ್ತುವರಿದು ಕಾಯುತ್ತದೆ. ಇಸಿನ್ಯಿ ಊರಿನ ಎಒಪಿ ಮುದ್ರೆಯ ಹುಳಿ ಕೆನೆ ಕ್ರೆಮ್ ಫ್ರೆಶ್‌ನಲ್ಲಿ ಕೊಬ್ಬು ಕನಿಷ್ಠ ಶೇ. 35. ಅದು ಮೊದಲೇ ಹೆಪ್ಪಿನಿಂದ ಹುಳಿತದ್ದು, ಕುದಿಗೂ ಒಡೆಯದೆ ಮಂದವಾಗುತ್ತದೆ, ಬೀಜದಂಥ ಕಂಪು ಬಿಡುತ್ತದೆ. ಶೇ. 15ರಷ್ಟೇ ಕೊಬ್ಬಿರುವ ಲೆಜೇರ್ ಎಂಬ ಹಗುರ ಕೆನೆ ಹಾಕಿದರೆ ಎರಡೇ ನಿಮಿಷದಲ್ಲಿ ಬಿಳಿ ರವೆಯಂತೆ ಒಡೆದು ನಿಲ್ಲುತ್ತದೆ, ಅದನ್ನು ಸರಿಮಾಡುವ ದಾರಿಯಿಲ್ಲ. ನಿಧಾನದ ಪಾತ್ರೆಗೆ 150 ಮಿಲಿ ಕೆನೆ ಕೊನೆಯ ಹತ್ತು ನಿಮಿಷದಲ್ಲಿ. ಮೊದಲು ಮೇಲೆ ತೇಲುವ ಜಿಡ್ಡನ್ನು ಚಮಚದಿಂದ ತೆಗೆದು, ಮಾಂಸ ಹೊರಗಿಟ್ಟು, ಸಾಸನ್ನು ಸುಮಾರು 350 ಮಿಲಿಗೆ ಬತ್ತಿಸಿ, ಒಂದು ಸೌಟು ಬಿಸಿ ಸಾಸನ್ನು ಕೆನೆಗೆ ಕಲಸಿ, ಆಮೇಲೆ ಅದನ್ನು ಪಾತ್ರೆಗೆ ಸುರಿಯಿರಿ. ಒಂದು ಟೀ ಚಮಚ ದಿಜೋನ್ ಸಾಸಿವೆ ಒಲೆ ಆರಿಸಿದ ಮೇಲೆ. ಕುದಿಸಿದರೆ ಅದರ ಖಾರ ಹಾರಿಹೋಗಿ ಕಹಿ ಉಳಿಯುತ್ತದೆ.

ಸೇಬು ಎಂದೂ ಮಾಂಸದ ಜೊತೆ ಮೊದಲಿನಿಂದ ಬೇಯಬಾರದು. ಅರ್ಧ ಗಂಟೆಗೆಲ್ಲ ಕರಗಿ ಕಾಣದಾಗುತ್ತದೆ. ನಾಲ್ಕು ಸೇಬು, ಸುಮಾರು 700 ಗ್ರಾಂ. ರೆನ್ ದೆ ರೆನೆತ್ ಸಿಕ್ಕರೆ ಮೊದಲ ಆಯ್ಕೆ: ಹುಳಿ ಸಿಹಿ ಎರಡೂ ಇದೆ, ಆಕಾರ ಬಿಡುವುದಿಲ್ಲ. ಗೋಲ್ಡನ್ ಆಕಾರ ಉಳಿಸಿಕೊಂಡರೂ ಸಿಹಿ ಜಾಸ್ತಿ, ಬ್ರೂಟ್ ಜೊತೆಗಾದರೆ ನಡೆದೀತು. ಬ್ರಾಮ್ಲಿ ತುಂಡುಗಳಿಗೆ ಬೇಡ, ಅದು ನೊರೆಯಂತೆ ಕುಸಿಯುವ ತಳಿ. ಎಂಟು ಹೋಳು ಮಾಡಿ, 30 ಗ್ರಾಂ ಬೆಣ್ಣೆಯ ನೊರೆ ಇಳಿಯುವಾಗ ಒಂದೇ ಪದರವಾಗಿ ಹಾಕಿ, ಮೂರು ನಿಮಿಷ ಮುಟ್ಟದೆ ಬಿಡಿ. ತಿರುವಿ ಇನ್ನೆರಡು ನಿಮಿಷ. ಅಂಚು ಹೊಂಬಣ್ಣ, ನಡು ಇನ್ನೂ ಗಟ್ಟಿ ಇರುವಾಗಲೇ ತೆಗೆದುಬಿಡಬೇಕು, ಸಾಸಿನಲ್ಲಿ ಕೊನೆಯ ಐದು ನಿಮಿಷ ಉಳಿದದ್ದನ್ನು ಮುಗಿಸುತ್ತದೆ. ಸಕ್ಕರೆ ಉದುರಿಸುವ ರೂಢಿ ಬಹಳ ಕಡೆ ಇದೆ, ಇಲ್ಲಿ ಅದರ ಅಗತ್ಯ ಕಾಣುವುದಿಲ್ಲ. ಮೈದಾ ಬೇಡದವರು ಐದನೆಯ ಸೇಬೊಂದನ್ನು ತುರಿದು ಸಿಡರ್ ಜೊತೆಗೇ ಹಾಕಲಿ. ಅದು ಪೂರ್ತಿ ಕರಗಿ, ತನ್ನ ಪೆಕ್ಟಿನ್‌ನಿಂದ ಸಾಸನ್ನು ಮಂದ ಮಾಡುತ್ತದೆ, ಹೊಳಪೂ ಬರುತ್ತದೆ. ಆ ತುರಿಗೆ ಮಾತ್ರ ಬ್ರಾಮ್ಲಿ ಸೊಗಸು.

ಬಾಟಲಿಯ ಬಗ್ಗೆ ಎರಡು ದೂರು ಉಳಿಯುತ್ತವೆ. 750 ಮಿಲಿ ಬಾಟಲಿಯ ಚೀಟಿಯಲ್ಲಿ ಒಗರು ಎಷ್ಟಿದೆ ಎಂದು ತಿಳಿಸುವ ಸಾಲು ಇರುವುದಿಲ್ಲ. ಸಿಹಿಯ ದರ್ಜೆ ಇದೆ, ಅಷ್ಟೇ; ಅಡುಗೆಗೆ ಒಗರೂ ಅಷ್ಟೇ ಮುಖ್ಯ. ಇನ್ನೊಂದು, ಬ್ರೂಟ್ ಎಂಬ ಪದ 5 ಗ್ರಾಂಗೂ 27 ಗ್ರಾಂಗೂ ಒಂದೇ. ತೋಟದಿಂದ ತೋಟಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವ ಪಾನೀಯದಲ್ಲಿ ಇದು ಸಹಜವೇ, ಆದರೂ ಅಳತೆಯನ್ನು ಕಣ್ಣು ಮುಚ್ಚಿ ಅನುಸರಿಸುವಂತಿಲ್ಲ. ಸಾಸ್ ಬತ್ತಿದ ಮೇಲೆ ಚಪ್ಪೆ ಸಿಹಿ ಅನ್ನಿಸಿದರೆ ಒಂದು ಟೀ ಚಮಚ ಸಿಡರ್ ವಿನೆಗರ್, ಹುಳಿ ಚುಚ್ಚಿದರೆ ಒಂದು ಚಮಚ ತಣ್ಣನೆಯ ಬೆಣ್ಣೆ. ಒಗರು ಹೆಚ್ಚಾದರೆ ಕೆನೆಯೇ ಮದ್ದು.

ನಿಧಾನದ ಪಾತ್ರೆಗೆ ಐದಕ್ಕೆ ಐದು, ಬಾಣಲೆಗೆ ಮೂರೂವರೆ. ಉಳಿದ 250 ಮಿಲಿ ಅದೇ ಊಟಕ್ಕೆ ಕುಡಿಯಲು, 10 ಡಿಗ್ರಿ ತಂಪಿನಲ್ಲಿ. ಕುಡಿಯದಿದ್ದರೆ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಗುಳ್ಳೆ ಹೋದರೂ ಮೂರು ದಿನ ಅಡುಗೆಗೆ ಬರುತ್ತದೆ. ಆಮೇಲೆ ಮೂಗಿಗೆ ವಿನೆಗರ್ ಬಡಿಯತೊಡಗುತ್ತದೆ. ಮರುದಿನಕ್ಕೆ ಅಡುಗೆ ಉಳಿಸುವುದಾದರೆ ಕೆನೆಯನ್ನೂ ಸೇಬನ್ನೂ ಸೇರಿಸುವ ಮುನ್ನವೇ ಒಂದು ಪಾಲು ತೆಗೆದಿಡಿ. ರಾತ್ರಿ ಕಳೆದ ಮೇಲೆ ಮೇಲಿನ ಕೊಬ್ಬು ಗಟ್ಟಿ ಪದರವಾಗಿ ಒಂದೇ ಹಿಡಿತಕ್ಕೆ ಬರುತ್ತದೆ, ಅಡಿಯ ಸಾಸ್ ಅಲುಗುವ ಗಟ್ಟಿ ಅಂಟಾಗಿರುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಕರಗಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಕೆನೆ ಸೇರಿಸಿ, ಸೇಬನ್ನು ಆಗಷ್ಟೇ ಹುರಿದು ಹಾಕಿ.